ಮಲೆನಾಡಿನ ಮರದ ಮನೆ

ಸಾಗರದಿಂದ ಹೊಸನಗರಕ್ಕೆ, ಅಲ್ಲಿಂದ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಹೋದವರಿಗೆಲ್ಲ ಒಂದು ನೋಟ ಪರಿಚಿತವಾಗಿರಬೇಕು. ದಾರಿ ತಿರುಗುವ ಕಡೆ ಅಡಿಕೆಯ ತೋಟ. ತೋಟದ ಮೇಲುಗಡೆ, ಗುಡ್ಡಕ್ಕೆ ಬೆನ್ನು ಕೊಟ್ಟು ಕುಳಿತ ಒಂದು ಹಂಚಿನ ಮನೆ. ಅದರ ಮಾಡು ಎಷ್ಟು ಕೆಳಗೆ ಇಳಿದಿರುತ್ತದೆಂದರೆ, ಗೋಡೆ ಕಾಣುವುದೇ ಇಲ್ಲ. ಮಾಡಿನ ನೆರಳಿನಲ್ಲಿ ಸಾಲಾಗಿ ನಿಂತ ನಾಲ್ಕಾರು ಕಪ್ಪು ಕಂಬಗಳು ಮಾತ್ರ ಕಣ್ಣಿಗೆ ಬಿದ್ದು ಮರೆಯಾಗುತ್ತವೆ. ಬಸ್ಸು ಮುಂದೆ ಹೋಗುತ್ತದೆ. "ಹಳೆಯ ಕಾಲದ ಮನೆ" ಎಂದುಕೊಂಡು ನಾವು ಸುಮ್ಮನಾಗುತ್ತೇವೆ. ಆ ಮನೆ ಹೇಗೆ ನಿಂತಿದೆ, ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಹಾಗೆ ಕಟ್ಟಿದರು, ಇನ್ನೆಷ್ಟು ದಿನ ಅದು ನಿಂತೀತು, ಈ ಮೂರು ಪ್ರಶ್ನೆಗಳನ್ನು ಇಂದು ತಮ್ಮೊಡನೆ ಆಲೋಚಿಸಬೇಕೆಂದಿದ್ದೇನೆ.

ಮೊದಲು ಮಳೆಯ ಮಾತು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲಿನ ಮಳೆಯೂ ಇದಕ್ಕೆ ಸರಿಸಾಟಿಯಾಗಿ ನಿಲ್ಲುವಂಥದು. ಇಂಥ ಊರಿನಲ್ಲಿ ಮನೆ ಕಟ್ಟುವವನು ಮೊದಲು ಚಿಂತಿಸಬೇಕಾದದ್ದು ಗೋಡೆಯನ್ನಲ್ಲ, ಮಾಡನ್ನು. ಮಾಡು ಕಡಿದಾಗಿ ಇಳಿಯಬೇಕು; ನೀರು ನಿಲ್ಲದೆ ಓಡಬೇಕು; ಇಳಿದ ನೀರು ಗೋಡೆಗೆ ಸೋಕದಷ್ಟು ದೂರ ಬೀಳಬೇಕು. ಗೋಡೆಯೋ ಮಣ್ಣಿನದು, ನಾಲ್ಕು ದಿನ ನೆನೆದರೆ ಕುಸಿಯುವಂಥದು. ಆದ್ದರಿಂದ ಮಲೆನಾಡಿನ ಹಿರಿಯರು ಮಾಡಿನ ಮುಖ್ಯ ಭಾರವನ್ನು ಮಣ್ಣಿಗೆ ಒಪ್ಪಿಸದೆ ಮರಕ್ಕೆ ಒಪ್ಪಿಸಿದರು. ಹಿಂಬದಿಯ ದಪ್ಪ ಗೋಡೆ ಅಷ್ಟಿಷ್ಟು ಭಾರ ಹೊರುವುದುಂಟು. ಆದರೆ ಜಗಲಿ, ತೊಟ್ಟಿ, ಉಪ್ಪರಿಗೆಗಳನ್ನು ಎತ್ತಿ ಹಿಡಿದಿರುವುದು ಮರ.

ಆ ಮರದ ಕಟ್ಟಡವನ್ನು ಕೆಳಗಿನಿಂದ ಮೇಲಕ್ಕೆ ನೋಡೋಣ. ನೆಲದಲ್ಲಿ ಊರಿದ ಒಂದು ಕಲ್ಲು. ಕಲ್ಲಿನ ಮೇಲೆ ಕಂಬ. ಮಲೆನಾಡಿನಲ್ಲಿ ಇದನ್ನು ಮುಂಡಿಗೆ ಎನ್ನುತ್ತೇವೆ. ಮುಂಡಿಗೆಯನ್ನು ಮಣ್ಣಿನಲ್ಲಿ ಹೂಳುವುದಿಲ್ಲ. ಹೂಳಿದರೆ ಗೆದ್ದಲಿಗೆ ಔತಣವಿತ್ತ ಹಾಗೆ. ಅದು ಕಲ್ಲಿನ ಮೇಲೆ ಸುಮ್ಮನೆ ನಿಂತಿರುತ್ತದೆ. ಮೇಲಿನ ಭಾರವೇ ಅದನ್ನು ಅಲುಗಾಡದಂತೆ ಒತ್ತಿ ಹಿಡಿದಿರುತ್ತದೆ. ಮುಂಡಿಗೆಯ ತಲೆಯ ಮೇಲೆ ಎರಡು ಕಡೆಗೂ ಕೈ ಚಾಚಿದ ಬೋದಿಗೆ. ಬೋದಿಗೆಯ ಮೇಲೆ ತೊಲೆ. ತೊಲೆಯ ಮೇಲೆ ಅಡ್ಡಲಾಗಿ ಜಂತಿಗಳು. ಜಂತಿಗಳ ಮೇಲೆ ಹಲಗೆ ಹೊದಿಸಿದ ಮುಚ್ಚಿಗೆ. ಮುಚ್ಚಿಗೆಯ ಮೇಲೆ ಒಂದು ಪದರ ಮಣ್ಣು ಮೆತ್ತುವುದೂ ಉಂಟು. ಹುಲ್ಲು, ಸೋಗೆಗಳ ಮಾಡಿದ್ದ ಕಾಲದಲ್ಲಿ ಮೇಲೆ ಬೆಂಕಿ ಬಿದ್ದರೂ ಈ ಮಣ್ಣಿನ ಪದರ ಕೆಳಗಿನ ಮನೆಯನ್ನು ಸ್ವಲ್ಪ ಹೊತ್ತಾದರೂ ಕಾಪಾಡುತ್ತಿತ್ತು. ಮಕ್ಕಳುಮರಿ, ದನಕರುಗಳನ್ನು ಹೊರಗೆ ಸಾಗಿಸಲು ಅವಕಾಶ ಕೊಡುತ್ತಿತ್ತು. ಎಲ್ಲಕ್ಕೂ ಮೇಲೆ ಪಕಾಸು, ರೀಪು, ಹಂಚು.

ಇವುಗಳನ್ನು ಒಂದಕ್ಕೊಂದು ಸೇರಿಸಿರುವ ಬಗೆಯನ್ನು ಗಮನಿಸಬೇಕು. ಒಂದು ಮರದ ತುದಿಯನ್ನು ನಾಲಗೆಯಂತೆ ಕೆತ್ತುತ್ತಾರೆ. ಇನ್ನೊಂದರಲ್ಲಿ ಅದಕ್ಕೆ ಸರಿಯಾದ ತೂತು ಕೊರೆಯುತ್ತಾರೆ. ನಾಲಗೆಯನ್ನು ತೂತಿನಲ್ಲಿ ಕೂಡಿಸಿ, ಅಡ್ಡಲಾಗಿ ಒಂದು ಮರದ ಬೆಣೆ ಹೊಡೆಯುತ್ತಾರೆ. ಮುಖ್ಯವಾದ ಕೂಡುಗಳಲ್ಲಿ ಕಬ್ಬಿಣದ ಮೊಳೆಯ ಕೆಲಸವೇ ಇಲ್ಲ. ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಬೆಣೆಯೂ ಮರವೇ ಆದ್ದರಿಂದ ಅದೂ ಜೊತೆಯಲ್ಲಿ ಹಿಗ್ಗಿ ಕುಗ್ಗುತ್ತದೆ. ಕಬ್ಬಿಣವಾದರೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತಿತ್ತು. ಈ ಬಗೆಯ ಕಟ್ಟಡಕ್ಕೆ ಇನ್ನೂ ಒಂದು ಗುಣವಿದೆ. ಬೆಣೆಯನ್ನು ಹೊಡೆದ ಕೈಯೇ ಅದನ್ನು ತೆಗೆಯಲೂ ಬಲ್ಲದು. ಅಂದರೆ ಈ ಮನೆಯನ್ನು ಬಿಚ್ಚಬಹುದು. ಬಿಚ್ಚಿ ಮತ್ತೆ ಕಟ್ಟಬಹುದು. ಇದೊಂದು ಮಾತನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಈ ಮನೆಗಳ ಭಾಗ್ಯವೂ ಇಂದಿನ ದೌರ್ಭಾಗ್ಯವೂ ಇದರಲ್ಲೇ ಅಡಗಿದೆ.

ಈ ವಿದ್ಯೆ ನಮ್ಮೊಬ್ಬರದೇ ಎಂದು ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಊರವರು ಸಂಜೆ ಸೇರುವ, ದಾರಿಹೋಕರು ತಂಗುವ ಹಳೆಯ ಪಾನಗೃಹಗಳಿವೆ. ಅವುಗಳಲ್ಲಿ ಎಷ್ಟೋ ಓಕ್ ಮರದ ಚೌಕಟ್ಟಿನ ಕಟ್ಟಡಗಳು. ನಾಲ್ಕು ಐದು ನೂರು ವರ್ಷ ದಾಟಿದವೂ ಉಂಟು. ಅಲ್ಲಿಯೂ ಇದೇ ನಾಲಗೆ, ಇದೇ ತೂತು, ಇದೇ ಮರದ ಗೂಟ. ಕಂಬಗಳ ನಡುವೆ ಕೋಲುಗಳನ್ನು ಹೆಣೆದು, ಅದಕ್ಕೆ ಹುಲ್ಲು ಸೆಗಣಿ ಬೆರೆಸಿದ ಮಣ್ಣನ್ನು ಮೆತ್ತಿದ ಗೋಡೆ. ನಮ್ಮ ಬಡವರ ಮನೆಯ ತಟ್ಟಿಗೋಡೆಗೂ ಅದಕ್ಕೂ ಏನೂ ಭೇದವಿಲ್ಲ. ಅಲ್ಲಿನ ಬಡಗಿಗಳು ಮರಗಳನ್ನು ಮೊದಲು ಬಯಲಿನಲ್ಲಿ ಜೋಡಿಸಿ ನೋಡಿ, ಕೂಡುಗಳ ಬಳಿ ಗೀರುಗಳಿಂದ ಅಂಕಿ ಹಾಕಿ, ಬಿಚ್ಚಿ ಸಾಗಿಸಿ, ಕಟ್ಟುವ ಜಾಗದಲ್ಲಿ ಆ ಅಂಕಿಗಳ ಪ್ರಕಾರ ನಿಲ್ಲಿಸುತ್ತಿದ್ದರು. ಆ ಗೀರುಗಳು ಇಂದಿಗೂ ಅಲ್ಲಿನ ತೊಲೆಗಳ ಮೇಲೆ ಕಾಣುತ್ತವೆ. ಭಾಷೆ ಬೇರೆ, ಮಳೆ ಬೇರೆ, ಮರ ಬೇರೆ. ಉಳಿ ಹಿಡಿದ ಕೈಯ ವಿವೇಕ ಮಾತ್ರ ಒಂದೇ.

ನಮ್ಮಲ್ಲಿ ಯಾವ ಮರ? ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ ಎಲ್ಲವೂ ಉಂಟು. ಆದರೆ ಮನೆಯ ಮರ ಎಂದರೆ ಮೊದಲು ನೆನಪಿಗೆ ಬರುವುದು ಹಲಸು. ಅದು ಹಿತ್ತಲಿನಲ್ಲೇ ಬೆಳೆಯುತ್ತದೆ. ಅಜ್ಜ ನೆಟ್ಟದ್ದು ಮೊಮ್ಮಗನ ಕಾಲಕ್ಕೆ ಕಂಬವಾಗುತ್ತದೆ. ಕಡಿದಾಗ ಅದರ ಬಣ್ಣ ಅರಿಸಿನದಂತೆ. ವರ್ಷ ಕಳೆದಂತೆ ಕೆಂಪಾಗಿ, ಕಂದಾಗಿ, ಕೊನೆಗೆ ಒಲೆಯ ಹೊಗೆ ಕುಡಿದು ಕಪ್ಪಾಗಿ ಮಿರುಗುತ್ತದೆ. ಒಲೆಯ ಹೊಗೆಯನ್ನು ನಾವು ಕಣ್ಣುರಿಯ ಮೂಲವೆಂದು ಬಯ್ಯುತ್ತೇವೆ, ಬಯ್ಯುವುದು ನ್ಯಾಯವೇ. ಆದರೆ ದಿನವೂ ಅಟ್ಟಕ್ಕೆ ಏರುತ್ತಿದ್ದ ಆ ಹೊಗೆ ಮರವನ್ನು ಒಣಗಿಸಿ, ಹುಳು ಬೀಳದಂತೆ ಕಾಯುತ್ತಿತ್ತೆಂಬುದೂ ನಿಜ. ಅನಿಲದ ಒಲೆ ಬಂದ ಮೇಲೆ ಹೆಂಗಸರ ಕಣ್ಣಿಗೆ ತಂಪಾಯಿತು. ಅಟ್ಟದ ಮರಕ್ಕೆ ಕಾವಲು ತಪ್ಪಿತು.

ಮಾಡಿಗೆ ಹಿಂದೆ ಹುಲ್ಲು ಅಥವಾ ಅಡಿಕೆಯ ಸೋಗೆ. ಅನುಕೂಲವುಳ್ಳವರಿಗೆ ಕುಂಬಾರನ ಕೈಯ ನಾಡಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಒಂದರ ಅಂಚನ್ನು ಇನ್ನೊಂದು ಕಚ್ಚಿ ಕೂರುವ ಆ ಚಪ್ಪಟೆ ಹಂಚು ಕ್ರಮೇಣ ಘಟ್ಟ ಹತ್ತಿ ನಮ್ಮ ಊರುಗಳಿಗೂ ಬಂದಿತು. ವರ್ಷವರ್ಷವೂ ಸೋಗೆ ಹೊದಿಸುವ ಕಷ್ಟ ತಪ್ಪಿತು. ಇಂದು ನಾವು "ಮಲೆನಾಡಿನ ಹಳೆಯ ಮನೆ" ಎಂದು ಚಿತ್ರ ತೆಗೆದುಕೊಳ್ಳುವ ಮನೆಗಳಲ್ಲಿ ಹೆಚ್ಚಿನವು ಹಳೆಯ ಮರದ ಮೇಲೆ ಈ ಹೊಸ ಹಂಚನ್ನು ಹೊತ್ತವೇ. ಹಿರಿಯರು ಹೊಸದನ್ನು ಬೇಡವೆನ್ನಲಿಲ್ಲ. ಹಳೆಯದರ ಮೇಲೆ ಅದನ್ನು ಕೂರಿಸಿಕೊಂಡರು. ಇದೂ ನೆನಪಿಡತಕ್ಕ ಮಾತು.

ಮನೆಯ ನಡುವೆ ತೊಟ್ಟಿ. ನಾಲ್ಕು ದಿಕ್ಕಿನಿಂದಲೂ ಮಾಡು ಒಳಮುಖವಾಗಿ ಇಳಿದು, ನಡುವೆ ಆಕಾಶಕ್ಕೆ ತೆರೆದ ಒಂದು ಚೌಕ. ಬೆಳಕು, ಗಾಳಿ, ಮಳೆ ಮೂರೂ ಅಲ್ಲಿಂದಲೇ ಒಳಗೆ ಬರಬೇಕು. ಮಳೆಯ ನೀರು ತೊಟ್ಟಿಗೆ ಬಿದ್ದು, ನೆಲದಡಿಯ ಕಾಲುವೆಯಿಂದ ತೋಟಕ್ಕೆ ಹೋಗುತ್ತದೆ. ಶ್ರಾವಣದ ರಾತ್ರಿ ಇಂಥ ಮನೆಯಲ್ಲಿ ಮಲಗಿದವರಿಗೆ ಗೊತ್ತು, ನಾಲ್ಕು ಕಡೆಯೂ ನೀರಿನ ಸದ್ದು, ನಡುವೆ ಒಣಗಿದ ಚಾಪೆ. ಇಂಥ ತೊಟ್ಟಿಯನ್ನು ನೋಡಬಯಸುವ ಪಟ್ಟಣದವರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಬೇಕು. ಕುವೆಂಪು ಅವರು ಬಾಲ್ಯ ಕಳೆದ ಮೂರು ಅಂತಸ್ತಿನ ಮರದ ಮನೆಯನ್ನು ಕುವೆಂಪು ಪ್ರತಿಷ್ಠಾನದವರು ಕವಿಮನೆ ಎಂಬ ಹೆಸರಿನಿಂದ ಕಾಪಾಡಿ, ಸಾರ್ವಜನಿಕರಿಗೆ ತೆರೆದಿಟ್ಟಿದ್ದಾರೆ. ಅಲ್ಲಿ ಕಂಬದ ಕೆತ್ತನೆಯನ್ನಷ್ಟೇ ನೋಡಿ ಬರಬೇಡಿ. ಕಂಬದ ಬುಡದ ಕಲ್ಲನ್ನೂ ತೊಲೆಯ ಕೂಡನ್ನೂ ನೋಡಿ.

ಇನ್ನು ಎರಡನೆಯ ಪ್ರಶ್ನೆ. ಯಾರಿಗಾಗಿ ಹೀಗೆ ಕಟ್ಟಿದರು? ಮನೆಯವರಿಗಾಗಿ ಎಂದರೆ ಅರ್ಧ ಉತ್ತರವಾದೀತು. ಮನೆಯ ಮುಂಭಾಗದ ಜಗಲಿಯನ್ನು ನೋಡಿ. ಅದಕ್ಕೆ ಬಾಗಿಲಿಲ್ಲ. ಅಂಗಳದಿಂದ ಮೂರು ಮೆಟ್ಟಿಲು ಏರಿದರೆ ಜಗಲಿ. ಅದರ ಅಂಚಿಗೆ ಉದ್ದಕ್ಕೂ ಹಾಕಿದ ದಪ್ಪ ಹಲಗೆ. ಇದನ್ನು ಕೆಸರ್ಹಲಗೆ ಎನ್ನುತ್ತಾರೆ. ಬಂದವನು ಕಾಲು ತೊಳೆದು ಅದರ ಮೇಲೆ ಕುಳಿತು ಮುಂಡಿಗೆಗೆ ಒರಗಿಕೊಂಡರೆ, ಯಾರು, ಯಾವ ಊರು ಎಂದು ಕೇಳುವ ಮೊದಲೇ ಒಳಗಿನಿಂದ ಬೆಲ್ಲ ನೀರು ಬರುತ್ತಿತ್ತು. ಎಲೆಅಡಿಕೆಯ ತಟ್ಟೆ ಬರುತ್ತಿತ್ತು. ಹೊತ್ತು ಮುಳುಗಿದ್ದರೆ ಊಟವೂ ಚಾಪೆಯೂ ಬರುತ್ತಿದ್ದುವು. ಊರಿಂದೂರಿಗೆ ಹರದಾರಿಗಟ್ಟಲೆ ಕಾಡು; ದಾರಿಯಲ್ಲಿ ಹೋಟೆಲಿಲ್ಲ, ಎಲ್ಲೆಡೆಯೂ ಛತ್ರವಿಲ್ಲ. ಇಂಗ್ಲೆಂಡಿನ ಹಳ್ಳಿಯಲ್ಲಿ ದಾರಿಹೋಕನಿಗೆಂದೇ ಪ್ರತ್ಯೇಕವಾಗಿ ಒಂದು ಮರದ ಮನೆ ಕಟ್ಟಿದರು. ನಾವು ಪ್ರತಿ ಮನೆಯ ಮುಂದೆಯೂ ಅವನಿಗಾಗಿ ಒಂದು ಜಗಲಿ ಕಟ್ಟಿದೆವು.

ಆ ಪದ್ಧತಿ ಪೂರ್ತಿಯಾಗಿ ಅಳಿದಿಲ್ಲ. ಆಗುಂಬೆಯ ಪೇಟೆಯಲ್ಲಿ ದೊಡ್ಡಮನೆ ಎಂಬ, ನೂರು ವರ್ಷ ಮೀರಿದ ಮರದ ತೊಟ್ಟಿಮನೆಯೊಂದಿದೆ. ಶಂಕರ್ ನಾಗ್ ಅವರು 1980ರ ದಶಕದಲ್ಲಿ ಆರ್. ಕೆ. ನಾರಾಯಣ್ ಅವರ ಕತೆಗಳನ್ನು ದೂರದರ್ಶನಕ್ಕಾಗಿ 'ಮಾಲ್ಗುಡಿ ಡೇಸ್' ಎಂದು ಚಿತ್ರಿಸಿದಾಗ ಆ ಮನೆಯನ್ನು ಬಳಸಿಕೊಂಡರು. ಅಂದಿನಿಂದ ದೇಶವೆಲ್ಲ ಅದರ ಜಗಲಿಯನ್ನು ಬಲ್ಲದು. ಬಂದ ಅಪರಿಚಿತರಿಗೆ ಊಟ ಬಡಿಸಿ, ಇಷ್ಟೇ ಕೊಡಿ ಎಂದು ಕೇಳದ ಮನೆಯೆಂದು ಅದು ಹೆಸರಾಗಿದೆ. ಜನರು ಅಲ್ಲಿಗೆ ಚಿತ್ರದ ನೆನಪಿನಿಂದ ಹೋಗುತ್ತಾರೆ. ಬರುವಾಗ ಊಟದ ನೆನಪನ್ನು ತರುತ್ತಾರೆ.

ಹಾಗೆಂದು ಜಗಲಿಯನ್ನು ಬರಿದೆ ಹೊಗಳಿ ಮುಗಿಸುವುದು ಸರಿಯಲ್ಲ. ಜಗಲಿ ಎಲ್ಲರದೂ ಆಗಿರಲಿಲ್ಲ. ಯಾರು ಜಗಲಿಯ ಮೇಲೆ, ಯಾರು ಮೆಟ್ಟಿಲ ಮೇಲೆ, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬುದನ್ನು ಜಾತಿಯೂ ಗೇಣಿಯೂ ಗೊತ್ತುಮಾಡಿದ್ದುವು. ಕುವೆಂಪು ಅವರ 'ಕಾನೂರು ಹೆಗ್ಗಡಿತಿ', 'ಮಲೆಗಳಲ್ಲಿ ಮದುಮಗಳು' ಕಾದಂಬರಿಗಳನ್ನು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ತೊಲೆಗಳನ್ನು ಕಾಡಿನಿಂದ ಎಳೆದು ತಂದವರು ಎಷ್ಟೋ ವೇಳೆ ಆ ತೊಲೆಗಳ ಕೆಳಗೆ ಕೂರದವರೇ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. 1974ರ ಭೂಸುಧಾರಣೆಯ ತಿದ್ದುಪಡಿ ಉಳುವವನಿಗೆ ಹೊಲವನ್ನು ಕೊಟ್ಟಿತು. ಆದದ್ದು ನ್ಯಾಯವಾಯಿತು. ಆದರೆ ನೂರಾರು ಖಂಡುಗ ಗೇಣಿ ಬರುತ್ತಿದ್ದ ಕಾಲಕ್ಕೆ ಕಟ್ಟಿದ ಮನೆಗಳಿಗೆ ಅಂದಿನಿಂದ ಹೊಸ ಸಮಸ್ಯೆಯೊಂದು ಹುಟ್ಟಿತು. ಕೂಡುಕುಟುಂಬ ಒಡೆಯಿತು, ಮಕ್ಕಳು ಬೆಂಗಳೂರಿಗೆ ಹೋದರು. ನಲವತ್ತು ಜನರ ಮನೆಯಲ್ಲಿ ಇಬ್ಬರು ಮುದುಕರು ಉಳಿದರು. ಮಾಡು ಮಾತ್ರ ಹಿಂದಿನಷ್ಟೇ ದೊಡ್ಡದು.

ಮರ ಹೋದ ಮೇಲೆ ಏನು ಉಳಿಯುತ್ತದೆಂಬುದನ್ನು ನಮ್ಮ ನಾಡಿನಲ್ಲೇ ಕಾಣಬಹುದು. ಕೆಳದಿಯ ಅರಸರು ಈ ಮೂರು ತಾಲ್ಲೂಕುಗಳನ್ನೂ ಆಳಿದವರು. ಅವರ ರಾಜಧಾನಿ ಸಾಗರದ ಬಳಿಯ ಕೆಳದಿ, ಇಕ್ಕೇರಿಗಳಿಂದ ಇಂದಿನ ಹೊಸನಗರ ತಾಲ್ಲೂಕಿನ ಬಿದನೂರಿಗೆ ಹೋಯಿತು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ಅವರ ಕಲ್ಲಿನ ಕಟ್ಟಡಗಳು, ಇಕ್ಕೇರಿಯ ಅಘೋರೇಶ್ವರ ದೇವಾಲಯದಂಥವು, ದೃಢವಾಗಿ ನಿಂತಿವೆ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವನ್ನು ಹತ್ತಿ ಅರಮನೆಯ ನಿವೇಶನವನ್ನು ನೋಡಿದರೆ ಕಲ್ಲಿನ ಜಗಲಿ, ಕಲ್ಲಿನ ಮೆಟ್ಟಿಲು, ಕಲ್ಲಿನ ಒಲೆಗಳಿವೆ, ಮೇಲಿನದೇನೂ ಇಲ್ಲ. ಇದಕ್ಕೆ ಪ್ರತಿಯಾಗಿ ಶಿವಮೊಗ್ಗದಲ್ಲಿ ಶಿವಪ್ಪ ನಾಯಕನ ಅರಮನೆ ಎಂದು ಕರೆಯುವ ಕಟ್ಟಡವಿದೆ. ಅದು ಹೈದರಾಲಿಯ ಕಾಲದ್ದೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಅದರ ಭಾರಿ ಮರದ ಕಂಬಗಳು ಇಂದಿಗೂ ಉಪ್ಪರಿಗೆಯನ್ನು ಹೊತ್ತು ನಿಂತಿವೆ. ಅಲ್ಲಿ ವಸ್ತುಸಂಗ್ರಹಾಲಯವಿದೆ, ಕಾಯುವವರಿದ್ದಾರೆ. ಮರ ಉಳಿಯುವುದು ಮರದ ಗುಣದಿಂದ ಮಾತ್ರವಲ್ಲ. ಅದರ ಕೆಳಗೆ ಜನ ಓಡಾಡುತ್ತಿರಬೇಕು, ಒಡೆದ ಹಂಚನ್ನು ಯಾರಾದರೂ ನೋಡಬೇಕು.

ಇಲ್ಲಿ ನನ್ನ ಸ್ವಂತದ ಒಂದು ಮಾತನ್ನು ಹೇಳಲು ಅಪ್ಪಣೆ ಬೇಡುತ್ತೇನೆ. ನನ್ನ ತಾಯಿಯವರ ತವರುಮನೆ ಹೊಸನಗರ ತಾಲ್ಲೂಕಿನಲ್ಲಿ, ಶರಾವತಿಯ ದಂಡೆಯ ಒಂದು ಹಳ್ಳಿಯಲ್ಲಿ ಇದ್ದಿತು. ಶರಾವತಿಗೆ ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1948ರಲ್ಲೇ ಸಿದ್ಧವಾಗಿ ಕೆಲವು ಊರುಗಳನ್ನು ಮುಳುಗಿಸಿದ್ದಿತು. ಆಮೇಲೆ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ಹಿರೇಭಾಸ್ಕರ ಅಣೆಕಟ್ಟೆಯೇ ಅದರ ನೀರಿನಲ್ಲಿ ಮುಳುಗಿತು. ಸಾಗರ, ಹೊಸನಗರ ತಾಲ್ಲೂಕುಗಳ ಊರೂರೇ ಎದ್ದುಹೋದುವು. ನಾಡಿಗೆ ಬೆಳಕು ಕೊಟ್ಟ ಆ ವಿದ್ಯುತ್ತಿನಿಂದಲೇ ನಮ್ಮ ನಿಮ್ಮ ಮನೆಯ ರೇಡಿಯೊಗಳೂ ಹಾಡಿದುವು. ಮುಳುಗಡೆಯ ಜನರ ಬವಣೆಯನ್ನು ನಾ. ಡಿಸೋಜ ಅವರು ಜೀವಮಾನವಿಡೀ ಬರೆದರು. ಅವರು 2025ರ ಜನವರಿಯಲ್ಲಿ ತೀರಿಕೊಂಡರು.

ನೀರು ಬರುವುದು ಖಚಿತವಾದಾಗ ನನ್ನ ತಾಯಿಗೆ ಹನ್ನೊಂದು ವರ್ಷ. ನಮ್ಮ ಅಜ್ಜಯ್ಯ ಮನೆಯನ್ನು ಬಿಟ್ಟುಹೋಗಲು ಒಪ್ಪಲಿಲ್ಲ. ಬಿಚ್ಚಿ ಒಯ್ಯಲು ನಿಶ್ಚಯಿಸಿದರು. ಆಚಾರಿಗಳು ಬಂದರು. ಮೊದಲು ಹಂಚು ಇಳಿಯಿತು, ಆಮೇಲೆ ರೀಪು, ಪಕಾಸು. ಪ್ರತಿಯೊಂದು ಕೂಡಿನ ಬಳಿಯೂ ಉಳಿಯಿಂದ ಗುರುತು ಹಾಕಿದರು. ಬಾಗಿಲ ಕಡೆಯ ಮುಂಡಿಗೆಗೆ ಒಂದು ಗೀರು, ಮುಂದಿನದಕ್ಕೆ ಎರಡು, ಹೀಗೆ. ಸಮುದ್ರದಾಚೆಯ ಬಡಗಿಗಳು ಹಾಕುತ್ತಿದ್ದ ಅದೇ ಗೀರು. ಎತ್ತಿನ ಗಾಡಿಗಳ ಮೇಲೆ ಮರವೆಲ್ಲ ತೀರ್ಥಹಳ್ಳಿಯ ಕಡೆಗೆ ಬಂದಿತು. ಮಣ್ಣಿನ ಗೋಡೆಗಳು ಅಲ್ಲೇ ನಿಂತುಕೊಂಡುವು. ಮೊದಲ ಮಳೆಗೇ ಕರಗಿದುವಂತೆ. ಕಂಬದ ಕಲ್ಲುಗಳನ್ನೂ ಅಲ್ಲೇ ಬಿಟ್ಟರು. ಹೊಸ ಜಾಗ ಚಿಕ್ಕದು. ಹದಿನಾರು ಮುಂಡಿಗೆಗಳಲ್ಲಿ ಹನ್ನೆರಡಕ್ಕೆ ಮಾತ್ರ ಸ್ಥಳ ಸಿಕ್ಕಿತು. ಆದರೂ ಅದೇ ತೊಟ್ಟಿ, ಅದೇ ಜಗಲಿ. ಗೃಹಪ್ರವೇಶದ ದಿನ ಅಜ್ಜಿ ಒಳಗೆ ಬಂದು, ಯಾರೂ ಹೇಳದೆಯೇ ತಾನು ಯಾವಾಗಲೂ ಕೂರುತ್ತಿದ್ದ ಕಂಬಕ್ಕೆ ಒರಗಿ ಕುಳಿತಳೆಂದು ತಾಯಿ ಹೇಳುತ್ತಾರೆ. ಬೇಸಗೆಯಲ್ಲಿ ಹಿನ್ನೀರು ತೀರ ಇಳಿದ ಒಂದು ವರ್ಷ ನನ್ನ ದೊಡ್ಡ ಸೋದರಮಾವ ಹಳೆಯ ಊರಿಗೆ ಹೋಗಿ ನೋಡಿ ಬಂದರು. ಕೆಸರಿನ ನಡುವೆ ಹದಿನಾರು ಕಲ್ಲುಗಳು ಸಾಲಾಗಿ ಇದ್ದುವಂತೆ.

ಬಿಚ್ಚಬಹುದಾದ ಮನೆಯಾದ್ದರಿಂದ ಅದು ನೀರಿನಿಂದ ಪಾರಾಯಿತು. ಅದೇ ಗುಣ ಈಗ ಅದಕ್ಕೆ ಮುಳುವಾಗಿದೆ. ಪಟ್ಟಣಗಳಲ್ಲಿ ಹಳೆಯ ಮರಕ್ಕೆ ಗಿರಾಕಿಗಳಿದ್ದಾರೆ. ವಿಹಾರಧಾಮದ ಬಾಗಿಲಿಗೆ, ಹೋಟೆಲಿನ ಪಡಸಾಲೆಗೆ, ಹೊಸ ಬಂಗಲೆಯ ಹಜಾರಕ್ಕೆ ಕೆತ್ತನೆಯ ಕಂಬ ಬೇಕು. ಮೂರು ವರ್ಷಗಳ ಹಿಂದೆ ಮಾವಂದಿರ ಮನೆಯಲ್ಲಿ ಪಾಲಿನ ಮಾತು ನಡೆದಾಗ ಒಬ್ಬ ವ್ಯಾಪಾರಿ ಬಂದ. ಜಗಲಿಯ ಮೇಲೆಯೇ ಕೂರಿಸಿ ಕಾಫಿ ಕೊಟ್ಟರು. ಅವನು ಎದ್ದು ಒಂದೊಂದು ಕಂಬವನ್ನೂ ತಟ್ಟಿ ನೋಡಿ, ಇದಕ್ಕೆ ಇಷ್ಟು, ಅದಕ್ಕೆ ಅಷ್ಟು, ದಾರಂದಕ್ಕೆ ಬೇರೆ ಎಂದು ಹೇಳುತ್ತ ಹೋದ. ಒಟ್ಟು ಮೊತ್ತ ಸಣ್ಣದೇನೂ ಅಲ್ಲ. ಚಿಕ್ಕ ಮಾವನ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ: "ಭಾವ, ವರ್ಷಾ ವರ್ಷಾ ಹಂಚು ಕೈಯಾಡಿಸೋಕೆ ಆಳಿಲ್ಲ. ಮಂಗನ ಕಾಟ ಬೇರೆ. ಈ ದುಡ್ಡಲ್ಲಿ ಒಂದು ತಾರಸಿ ಮನೆ ಆಗ್ತದೆ. ಅಣ್ಣನೂ ಅತ್ತಿಗೆಯೂ ಬೆಚ್ಚಗಿರ್ತಾರೆ" ಎಂದು ನನ್ನ ತಂದೆಯವರಿಗೆ ಹೇಳಿದರು. ಮಲೆನಾಡಿನ ಎಷ್ಟೋ ಜಗಲಿಗಳಲ್ಲಿ ಈ ಮಾತು ನಡೆದಿದೆ. ಮಾರಿದವರನ್ನು ದೂಷಿಸಲು ನನಗೆ ಬಾಯಿಲ್ಲ. ವಿಹಾರಧಾಮದಲ್ಲಿ ಉಳಿದು ಆ ಕಂಬದ ಪಕ್ಕದಲ್ಲಿ ಚಿತ್ರ ತೆಗೆಸಿಕೊಳ್ಳುವವರು ಪಟ್ಟಣದವರಾದ ನಾವೇ ಅಲ್ಲವೆ?

ಬಿಚ್ಚುವುದರಲ್ಲಿಯೂ ಭೇದವಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು, ಬೀಳಲಿದ್ದ ಅನೇಕ ಹಳೆಯ ಮನೆಗಳನ್ನು ಬಿಚ್ಚಿ ತಂದು, ಇದ್ದ ಹಾಗೆಯೇ ಮತ್ತೆ ನಿಲ್ಲಿಸಿ ಹಸ್ತಶಿಲ್ಪವೆಂಬ ಪರಂಪರೆಯ ಗ್ರಾಮವನ್ನೇ ಕಟ್ಟಿಸಿದರು. ಅವರು 2017ರಲ್ಲಿ ತೀರಿಕೊಂಡರು. ಆ ಮನೆಗಳು ನಿಂತಿವೆ. ಅಲ್ಲಿ ಕಂಬ ತೊಲೆಯನ್ನು ಹೊತ್ತಿದೆ, ತೊಲೆ ಮಾಡನ್ನು ಹೊತ್ತಿದೆ. ಮನೆ ಮನೆಯಾಗಿಯೇ ಇದೆ. ಒಂದೊಂದೇ ಕಂಬ ಮಾರಾಟವಾಗಿ ನಾಲ್ಕು ಊರಿಗೆ ಹೋದರೆ ಹಾಗಲ್ಲ. ಎಲ್ಲಿಯೂ ಏನನ್ನೂ ಹೊರದೆ, ಅಲಂಕಾರಕ್ಕೆಂದು ನಿಲ್ಲುತ್ತದೆ. ಇಂಗ್ಲೆಂಡಿನಲ್ಲಿ 1947ರ ಕಾಯಿದೆಯ ಕಾಲದಿಂದ ಹಳೆಯ ಕಟ್ಟಡಗಳ ಪಟ್ಟಿ ಮಾಡುವ ಏರ್ಪಾಡಿದೆ. ಪಟ್ಟಿಗೆ ಸೇರಿದ ಪಾನಗೃಹದ ಕಂಬವನ್ನು ಮಾಲೀಕನೂ ಅಪ್ಪಣೆಯಿಲ್ಲದೆ ಕೀಳುವಂತಿಲ್ಲ. ಮುಚ್ಚಲಿದ್ದ ಪಾನಗೃಹಗಳನ್ನು ಊರವರೇ ಹಣ ಕೂಡಿಸಿ ಕೊಂಡದ್ದೂ ಉಂಟು. ನಮ್ಮಲ್ಲಿ ಕೋಟೆಗೆ, ದೇವಾಲಯಕ್ಕೆ ಸರ್ಕಾರದ ರಕ್ಷಣೆಯಿದೆ. ಒಕ್ಕಲಿನ ಮನೆಯನ್ನು ಕಾಯಬೇಕಾದವರು ಹೆಚ್ಚುಕಡಮೆ ಒಕ್ಕಲೇ.

ನಮ್ಮ ಮಾವಂದಿರು ಕೊನೆಗೆ ಏನು ಮಾಡಿದರು? ವ್ಯಾಪಾರಿಗೆ ಆ ವರ್ಷ ಇಲ್ಲವೆಂದರು. ಹಿಂಬದಿಯ ಅಡಿಗೆಮನೆ, ಬಚ್ಚಲುಮನೆಗಳನ್ನು ಇಟ್ಟಿಗೆ ಸಿಮೆಂಟಿನಲ್ಲಿ ಹೊಸದಾಗಿ ಕಟ್ಟಿಸಿದರು. ಮುಂಭಾಗದ ತೊಟ್ಟಿ, ಜಗಲಿಗಳನ್ನು ಉಳಿಸಿಕೊಂಡು ರಿಪೇರಿ ಮಾಡಿಸಿದರು. ಆಗ ಜಗಲಿಯ ಮೂರನೆಯ ಮುಂಡಿಗೆಯ ಬುಡ ಟೊಳ್ಳಾಗಿರುವುದು ಗೊತ್ತಾಯಿತು. ಇಪ್ಪತ್ತು ವರ್ಷಗಳ ಕೆಳಗೆ ನೆಲಕ್ಕೆ ಸಿಮೆಂಟು ಹಾಕಿಸುವಾಗ ಚೆಂದಕ್ಕೆಂದು ಕಂಬದ ಬುಡವನ್ನೂ ಸಿಮೆಂಟಿನಿಂದ ಕಟ್ಟಿಸಿದ್ದರು; ತೇವ ಒಳಗೇ ನಿಂತು ಮರ ಕೊಳೆತಿತ್ತು. ಅರುವತ್ತು ದಾಟಿದ ಆಚಾರಿಯೊಬ್ಬರು ಬಂದರು. ತೊಲೆಗೆ ಊರೆ ಕೊಟ್ಟು, ಕೊಳೆತ ಒಂದೂವರೆ ಮೊಳವನ್ನು ಕೊಯ್ದು ತೆಗೆದು, ಹಿತ್ತಲ ಹಲಸಿನ ಹೊಸ ತುಂಡನ್ನು ಕೂಡಿಸಿ ಬೆಣೆ ಹೊಡೆದರು. ನಾಲ್ಕು ದಿನದ ಕೆಲಸ. "ಆಚಾರ್ರೇ, ಇದು ಎಷ್ಟು ವರ್ಷ ಬಂದೀತು?" ಎಂದು ಮಾವ ಕೇಳಿದರು. "ಬುಡ ಒಣಗಿದ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರ್ತದೆ ಅಯ್ಯಾ. ಆದ್ರೆ ಮುಂದಿನ ಸಲ ಕೂಡಿಸೋಕೆ ಯಾರನ್ನ ಕರೀತೀರೋ ಗೊತ್ತಿಲ್ಲ. ನಮ್ಮ ಹುಡುಗ ಬೆಂಗಳೂರಲ್ಲಿ ಕಾರ್ಖಾನೆ ಸೇರಿದ" ಎಂದರು ಆಚಾರಿ. ಮರಕ್ಕಿಂತ ಮೊದಲು ಮುಗಿಯುತ್ತಿರುವುದು ಆ ಕೈಯ ವಿದ್ಯೆ.

ಶ್ರೋತೃಗಳೇ, ತಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇಂಥದೊಂದು ಮನೆ ಇರಬಹುದು. ಅಂಥವರಿಗೆ ಎರಡು ಮೂರು ಬಿನ್ನಹಗಳು. ಮಳೆಗಾಲಕ್ಕೆ ಮೊದಲು ಒಮ್ಮೆ ಅಟ್ಟ ಹತ್ತಿ ನೋಡಿ; ಹಗಲಿನಲ್ಲಿ ಬೆಳಕು ತೂರುವ ಕಡೆಯೇ ಇರುಳಿನಲ್ಲಿ ನೀರು ತೂರುತ್ತದೆ. ಎರಡು ಮಾಡುಗಳು ಕೂಡುವ ಮೂಲೆಯಲ್ಲಿ ಕಸ ಕಟ್ಟದಂತೆ ಬಳಿಸಿ. ಮನೆ ಸೋರುವುದು ಅಲ್ಲಿಂದಲೇ ಹೆಚ್ಚು. ಮುಂಡಿಗೆಯ ಬುಡಕ್ಕೆ ಸಿಮೆಂಟು ಕಟ್ಟಿಸಬೇಡಿ, ಮರಕ್ಕೆ ಗಾಳಿಯಾಡಲಿ. ಒಂದು ಕಂಬ ಕೆಟ್ಟಿತೆಂದು ಮನೆ ಕೆಟ್ಟಿತೆನ್ನಬೇಡಿ. ಕೆಟ್ಟಷ್ಟನ್ನೇ ಕೊಯ್ದು ಕೂಡಿಸಬಹುದು. ಹೊಸ ಅಡಿಗೆಮನೆ ಬೇಕೆಂಬವರಿಗೆ ಅದು ಸಿಗಲಿ, ಹಳೆಯದೆಲ್ಲ ಹೋಗಲೇಬೇಕೆಂದಿಲ್ಲ. ಆಚಾರಿಗಳು ಇನ್ನೂ ಇರುವಾಗಲೇ ಕರೆಸಿ. ಅವರು ಕೆಲಸ ಮಾಡುವಾಗ ಮನೆಯ ಮಕ್ಕಳು ಪಕ್ಕದಲ್ಲಿ ನಿಂತು ನೋಡಲಿ. ಜಗಲಿಯನ್ನು ಉಳಿಸಿಕೊಳ್ಳುವವರು ಅದನ್ನು ಹಿಂದೆ ಅಂಗಳದಲ್ಲಿ ನಿಲ್ಲಬೇಕಾಗಿದ್ದವರಿಗೂ ತೆರೆದೇ ಉಳಿಸಿಕೊಳ್ಳಲಿ.

ಕಳೆದ ದೀಪಾವಳಿಗೆ ತಾಯಿಯನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಈಗ ಕಣ್ಣು ಮಂಜು. ಜಗಲಿ ಹತ್ತಿ, ಮೂರನೆಯ ಮುಂಡಿಗೆಯನ್ನು ಕೈಯಿಂದ ಸವರುತ್ತ ಬುಡದವರೆಗೂ ಬಂದರು. ಹೊಸ ಮರ ಕೂಡಿದ ಕಡೆ ಕೈ ನಿಂತಿತು. ಅದರಿಂದ ಸ್ವಲ್ಪ ಮೇಲೆ ಆಚಾರಿಯ ಹಳೆಯ ಗೀರುಗಳು ಸಿಕ್ಕಿದುವು. ಒಂದು, ಎರಡು, ಮೂರು ಎಂದು ಎಣಿಸಿ, "ಹೌದು, ಇದು ಬಾಗಿಲಿಂದ ಮೂರನೇದೇ" ಎಂದು ಹೇಳಿ, ಅದಕ್ಕೆ ಒರಗಿ ಕುಳಿತರು. ಒಳಗಿನಿಂದ ಕಾಫಿ ಬಂದಿತು.